ಮಹಡಿ ರೂಮಿನ ತಿಗಣೆಗಳ ವಿಚಾರ

ಸಿದ್ಧಾರ್ಥನಗರದ ಮೂರಂತಸ್ತಿನ ಸಾಮ್ರಾಜ್ಞಿಯೂ ನೀರಿನ ಮೋಟಾರಿನ ಏಕೈಕ ಒಡತಿಯೂ ಆದ ರಮಾಮಣಿ ಆಂಟಿಯವರ ಪಾದಾರವಿಂದಗಳಿಗೆ ಮಹಡಿ ರೂಮಿನ ಬಾಡಿಗೆದಾರನ ಬಿನ್ನಹ.

ಹೋದ ವಾರ ತಾವು ನನ್ನ ಮಂಚದ ಮೇಲೆ ಕೂತು, "ಎಲ್ಲೋ ತಿಗಣೆ? ನಂಗೊಂದೂ ಕಚ್ಲಿಲ್ವಲ್ಲೋ. ಔಷಧಿನೂ ಬೇಡ, ಏನೂ ಬೇಡ" ಎಂದು ತೀರ್ಪಿತ್ತಿರಿ. ತಿಗಣೆ ಮನುಷ್ಯರ ವಾಸನೆ ಹಿಡಿದು ಬರುವುದು ಹಸಿದಾಗ. ಹೊಟ್ಟೆ ತುಂಬಿದ್ದರೆ ಎಂಥ ದೊಡ್ಡವರು ಬಂದು ಕೂತರೂ ಸಂದಿ ಬಿಟ್ಟು ಹೊರಡುವುದಿಲ್ಲ. ಅಂದು ಅವು ನನ್ನಲ್ಲಿ ಊಟ ಮುಗಿಸಿದ್ದವು.

ತಾವು ಕೊಟ್ಟಿದ್ದ ಉಪ್ಪಿನಕಾಯಿ ಬಾಟ್ಲಿಯನ್ನು ಖಾಲಿ ಹಿಂತಿರುಗಿಸಬಾರದಲ್ಲವೇ? ಅಂದಿನಿಂದ ಉಪವಾಸವಿಟ್ಟ ನಾಲ್ಕು ಸಾಕ್ಷಿಗಳನ್ನು ಅದರಲ್ಲಿ ಹಾಕಿ, ಬೆಳಿಗ್ಗೆ ತಮ್ಮ ದಿವಾನ್ ಮಂಚದ ಮೇಲಿಟ್ಟು ಬಂದಿದ್ದೇನೆ. ದಯವಿಟ್ಟು ಪರಿಶೀಲಿಸಿ, ಔಷಧಿ ಹೊಡೆಯುವವರನ್ನು ಕರೆಸಬೇಕು.

ತಮ್ಮ ವಿಧೇಯ,
ಲಿಖಿತ್

ವಿ.ಸೂ.: ಕೆಳಗಿನ ತಮ್ಮ ಮನೆಗೂ ಹೊಡೆಸುವುದು ಒಳ್ಳೆಯದು. ಬಾಟ್ಲಿಯ ಮುಚ್ಚಳ ಈಗ ನನ್ನ ಜೇಬಿನಲ್ಲಿ ಸಿಕ್ಕಿತು.