ಲಕೋಟೆಯ ಮೇಲಿನ ಸಾಲು

ಬಾದಾಮಿ, ಕ್ರಿ.ಶ. ೨೧೭೪, ಮೂರನೇ ಬೇಸಿಗೆಯ ಒಂಬತ್ತನೇ ದಿನ.

ನೂರೈವತ್ತು ವರ್ಷ ಹಿಂದೆ ಕುಳಿತು ಕಂಪ್ಯೂಟರಿಗೆ ಸಾಲು ಬರೆಯುತ್ತಿರುವ ಹಿರಿಯರಿಗೆ ನೀಲಾಂಬಿಕೆ ಹಡಪದಳ ಶರಣು. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಬೇಸಿಗೆ ವರ್ಷಕ್ಕೆ ಮೂರು ಸಲ ಬರುತ್ತದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಬೇಕು.

ನಾನು ಹೊಂದಿಕೆಗಾರ್ತಿ. ಇಪ್ಪತ್ತಾರು ಆಸ್ಪತ್ರೆಗಳ ಯಂತ್ರಗಳಿಗೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲವೂ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ತಂತ್ರಾಂಶದ ಚೌಕಟ್ಟಿನ ಮೇಲೆ ಕಟ್ಟಿದವು. ಇವುಗಳ ನಡುವೆ ಸುದ್ದಿ ಹೊತ್ತು ತಿರುಗುವ ವ್ಯವಸ್ಥೆಯನ್ನು ನಾವೂ ನಿಮ್ಮ ಹಾಗೆ ಬಸ್ಸು ಎಂದೇ ಕರೆಯುತ್ತೇವೆ. ಹೊಸ ಚೌಕಟ್ಟುಗಳು ಸುದ್ದಿಯನ್ನು ಬರಿಯ ಚೀಟಿಯಂತೆ ಕಳಿಸುತ್ತವೆ. ಗುಳೇದಗುಡ್ಡದ ಒಂದು ಆಸ್ಪತ್ರೆಯಲ್ಲಿ ಮಾತ್ರ ನಿಮ್ಮ ಕಾಲದ್ದೇ ಇನ್ನೂ ಓಡುತ್ತಿದೆ. ಅದು ಪ್ರತಿಯೊಂದು ಸುದ್ದಿಯನ್ನೂ ಲಕೋಟೆಯಲ್ಲಿಟ್ಟು, ಅಂದರೆ ಮೇಲೂ ನಾಲ್ಕು ಮಾತು ಬರೆಯಬಹುದಾದ ಹೊದಿಕೆಯಲ್ಲಿಟ್ಟು ಕಳಿಸುತ್ತದೆ.

ಕಳೆದ ತಿಂಗಳು ನಾವು ಹೊಸ ಬಸ್ಸು ತಂದೆವು. ಅದು ಲಕೋಟೆ ಹರಿದು ಒಳಗಿನ ಚೀಟಿಯನ್ನಷ್ಟೇ ಮುಂದೆ ಕೊಡುತ್ತಿತ್ತು. ಪರೀಕ್ಷೆಗಳೆಲ್ಲ ಸರಿಯಾದವು. ಆ ಲಕೋಟೆಗಳನ್ನು ಓದಿ ಉಳಿದ ಯಂತ್ರಗಳಿಗೆ ತಿಳಿಸುವ ಅನುವಾದಕ ತಂತ್ರಾಂಶವನ್ನು ನಲವತ್ತು ವರ್ಷ ನಡೆಸಿದ್ದ ಇಮಾಂಬಿ ನದಾಫರಿಗೆ, ಇನ್ನು ಅದು ಬೇಡ ಎಂದು ನಾನೇ ಹೇಳಿದೆ.

“ಲಕೋಟಿ ಮ್ಯಾಲ ಏನ್ ಬರ್ದಾರ ಅಂತ ಓದಿಯೇನವ್ವಾ?” ಎಂದು ಕೇಳಿದರು.

“ವಿಳಾಸ ಇರ್ತೈತಿ ಬಿಡ್ರಿ,” ಎಂದು ನಕ್ಕುಬಿಟ್ಟೆ.

ಹೊಸ ಬಸ್ಸು ಬಂದ ನಾಲ್ಕನೇ ದಿನ ಮಧ್ಯಾಹ್ನ. ಹನ್ನೊಂದರಿಂದ ನಾಲ್ಕರವರೆಗೆ ನಮ್ಮ ಊರು ಬಂಡೆಯಲ್ಲಿ ಕೊರೆದ ತಂಪುಗವಿಗಳಲ್ಲಿರುತ್ತದೆ. ಶಾಲೆ, ಕಚೇರಿ, ಅಡುಗೆ ಎಲ್ಲವೂ ಅಲ್ಲೇ. ಹೆರಿಗೆ ಗವಿಯಿಂದ ನರ್ಸ್ ಸುಮಿತ್ರಾ ಕೂಗಿದಳು.

“ಅಕ್ಕಾ, ಹೆರಿಗಿಗೆ ಬಂದ ರೇಣವ್ವಗ ರಕ್ತ ನಿಲ್ಲವಲ್ದು. ನಿಮ್ಮ ಬಸ್ಸು ಓ ಗುಂಪು ಅಂತೈತಿ. ಅಕಿ ರಕ್ತಕ್ಕ ಹೊಂದಿಸಿ ನೋಡಿದ್ರ ಎಲ್ಲಾ ಬಾಟ್ಲಿನೂ ಗಡ್ಡಿ ಕಟ್ಟಾಕತ್ತಾವ!”

ರೇಣವ್ವನ ಹಳೆಯ ದಾಖಲೆ ಬಂದದ್ದು ಗುಳೇದಗುಡ್ಡದಿಂದ. ಇಮಾಂಬಿಯವರಿದ್ದಲ್ಲಿಗೆ ಓಡಿದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಗುಳೇದಗುಡ್ಡದ ಯಂತ್ರದಲ್ಲಿ ಹರಿಯದೆ ಉಳಿದಿದ್ದ ಮೂಲ ಸುದ್ದಿಯನ್ನು ತೆರೆದರು. ಲಕೋಟೆಯ ಮೇಲೆ ಕನ್ನಡದಲ್ಲೇ ಇತ್ತು: “ಬಾಂಬೆ ಗುಂಪು. ಓ ರಕ್ತ ಕೊಡಬೇಡಿ.” ಓ ಗುಂಪಿನಂತೆಯೇ ಕಂಡರೂ ಓ ರಕ್ತವನ್ನು ಒಪ್ಪದ ಅಪರೂಪದ ಗುಂಪು ಅದು; ಅದೇ ಗುಂಪಿನವರ ರಕ್ತವೇ ಬೇಕು.

ಆ ವ್ಯವಸ್ಥೆಯನ್ನು ಬರೆದವರ ಟಿಪ್ಪಣಿಯೂ ಸಿಕ್ಕಿತು: “ರಕ್ತದ ಗುಂಪಿಗೆ ಇಲ್ಲಿ ಎಂಟೇ ಮನೆ ಇವೆ. ಒಂಬತ್ತನೆಯದಕ್ಕೆ ಜಾಗವಿಲ್ಲ, ಅದಕ್ಕೇ ಲಕೋಟೆಯ ಮೇಲೆ ಬರೆಸುತ್ತಿದ್ದೇನೆ. ದಯವಿಟ್ಟು ಕಿತ್ತುಹಾಕಬೇಡಿ.”

ನಾನು ಅಳತೊಡಗಿದೆ. “ಆಮ್ಯಾಲ ಅಳು. ಮದ್ಲ ಇದೇ ಸಾಲು ಯಾರ್ಯಾರ ಲಕೋಟಿ ಮ್ಯಾಲ ಐತಿ ಹುಡುಕು,” ಎಂದರು ಇಮಾಂಬಿ. ಅನುವಾದಕವನ್ನು ಅವರು ಮತ್ತೆ ಚಾಲೂ ಮಾಡಿದರು. ಮೂರು ಹೆಸರು ಬಂದವು. ಅವರಲ್ಲೊಬ್ಬರಾದ ಇಳಕಲ್ಲಿನ ನೇಕಾರ ದೇವೇಂದ್ರಪ್ಪ ಮಗ್ಗ ಬಿಟ್ಟು ಎದ್ದು ಹೋಗಿ ಅಲ್ಲಿನ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ಗಾಳಿದೋಣಿ, ಅಂದರೆ ಚಾಲಕರಿಲ್ಲದೆ ಹಾರುವ ನಮ್ಮ ಸಣ್ಣ ವಾಹನ, ಅದನ್ನು ಸುಡುಬಿಸಿಲಲ್ಲೇ ಹೊತ್ತು ತಂದಿತು. ಮೂರೂವರೆಗೆ ಸುಮಿತ್ರಾ ಹೊರಗೆ ಬಂದು, “ತಾಯಿ ಉಳದ್ಲು. ಹೆಣ್ಣಕೂಸು,” ಎಂದಳು.

ನನ್ನ ತಪ್ಪನ್ನು ಮೇಲಿನವರೆದುರು ನಾನೇ ಹೇಳಿದೆ. ಹಳೆಯದನ್ನು ಕಿತ್ತೆಸೆಯೋಣ ಎಂದು ಕೆಲವರೆಂದರು. ಇಮಾಂಬಿಯವರೂ ನಾನೂ ಒಪ್ಪಲಿಲ್ಲ, ಬಸ್ಸನ್ನೇ ತಿದ್ದಿದೆವು. ಈಗ ಅದು ತನಗೆ ಅರ್ಥವಾಗದ್ದನ್ನು ಬಿಸಾಡುವುದಿಲ್ಲ. ಹಾಗೆಯೇ ಮುಂದೆ ದಾಟಿಸಿ, “ಇದು ನನಗೆ ತಿಳಿಯಲಿಲ್ಲ, ಯಾರಾದರೂ ನೋಡಿ” ಎನ್ನುತ್ತದೆ. ಇಪ್ಪತ್ತಾರೂ ಆಸ್ಪತ್ರೆಗಳಿಂದ ಹೀಗೆ ತಿಳಿಯದೆ ಉಳಿದ ನೂರಾರು ಸಾಲುಗಳು ಬಂದಿವೆ. ಎಲ್ಲವನ್ನೂ ಕುಳಿತು ಓದುತ್ತಿದ್ದೇವೆ. ಎಷ್ಟೊಂದು ಜನ ಎಷ್ಟೊಂದು ಕಾಳಜಿ ಬರೆದಿಟ್ಟು ಹೋಗಿದ್ದಾರೆ!

ಒಂದೇ ಬೇಡಿಕೆ. ನೀವು ಕಟ್ಟಿದ್ದು ನಿಮಗಿಂತ ಹೆಚ್ಚು ಕಾಲ ಬಾಳುತ್ತದೆ. ಹೀಗೇಕೆ ಮಾಡಿದಿರೆಂದು ಪಕ್ಕದಲ್ಲಿ ಬರೆದಿಡಿ. ಸಂಕೋಚಪಡದೆ ಕೆಳಗೆ ನಿಮ್ಮ ಹೆಸರನ್ನೂ ಹಾಕಿ. ಆ ಟಿಪ್ಪಣಿಯ ಕೆಳಗೆ ಹೆಸರಿರಲಿಲ್ಲ. ಮಗಳಿಗೆ ಅದನ್ನು ಬರೆದವರ ಹೆಸರನ್ನೇ ಇಡಬೇಕು, ಏನದು ಎಂದು ರೇಣವ್ವ ಇನ್ನೂ ಕೇಳುತ್ತಲೇ ಇದ್ದಾಳೆ.