ಕತ್ತಲಾಗಬೇಕಿದ್ದ ಕೋಶಗಳು

ಕಳಮಶ್ಶೇರಿ,
ಶುಕ್ರವಾರ

ನನ್ನ ಪಾವನಕ್ಕನಿಗೆ,

ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ. ಮೊದಲು ಇದನ್ನು ಹೇಳಿಬಿಡುತ್ತೇನೆ: ನನಗೆ ನಿನ್ನ ಮೇಲೆ ಸಂಶಯ ಬಂದಿದೆ. ಫೋನಿನಲ್ಲಿ ಹೇಳಹೊರಟರೆ ನೀನು ಬಾಯಿ ಮುಚ್ಚಿಸುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನಲ್ಲಿಗೆ ಬಂದು ಹಿಂದಿರುಗುವಾಗ ತಂಪಾನೂರ್ ಸ್ಟೇಷನ್ನಿನಲ್ಲಿ ರೈಲು ಹೊರಡುವ ಮುಂಚೆ ಐಸ್ ತುಂಬಿದ ಫ್ಲಾಸ್ಕನ್ನು ನನ್ನ ಮಡಿಲಲ್ಲಿಟ್ಟೆಯಲ್ಲ, ಒಳಗೆ ಒಂದು ಹನಿ ಆ್ಯಂಟಿಬಾಡಿ. "ಹಂಚಿ ತಿಂದರೆ ಹಸಿವಿಲ್ಲ ಮಾರಾಯ್ತಿ, ತೆಕೊ" ಅಂದೆ. ನಮ್ಮ ಕಾಸರಗೋಡಿನ ಉಳಿದವರೆಲ್ಲ ಊರಿಂದ ಹಪ್ಪಳ ತಂದು ಹಂಚುತ್ತಾರೆ, ಲ್ಯಾಬಿನ ನಾವು ಇದನ್ನು ಹಂಚುತ್ತೇವೆ. ಎಷ್ಟು ಪ್ರೀತಿ ಉಕ್ಕಿತ್ತು ನಿನ್ನ ಮೇಲೆ ಆವತ್ತು!

ಕರುಳಿನ ಒಳಪದರದ ಕೋಶಗಳಲ್ಲಿ ಆಕ್ಟಿನ್ ಎಳೆಗಳನ್ನು ಹಿಡಿಸೂಡಿಯ ಕಡ್ಡಿಗಳಂತೆ ಬಿಗಿದು ಕಟ್ಟುವ ಪ್ರೋಟೀನು ವಿಲ್ಲಿನ್. ನಿನ್ನ ಆ್ಯಂಟಿಬಾಡಿ ಅದನ್ನು ಮಾತ್ರ ಹಿಡಿಯಬೇಕು, ಆ್ಯಂಟಿಬಾಡಿಗೆ ಅಂಟಿಕೊಳ್ಳುವ ಬಣ್ಣ ಹಸಿರಾಗಿ ಹೊಳೆಯಬೇಕು. ಹೊಳೆಯಿತು, ನಾನು ಕುಣಿದಾಡಿದೆ. ಆಮೇಲೆ ವಿಲ್ಲಿನ್ ಜೀನನ್ನೇ ತೆಗೆದುಹಾಕಿದ ಕೋಶಗಳಿಗೆ ಹಾಕಿ ನೋಡಿದೆ. ಅವು ಕತ್ತಲಾಗಿರಬೇಕಿತ್ತು. ಅವೂ ಅಷ್ಟೇ ಚೆಂದ ಹೊಳೆದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಕ್ಕಾ.

ಮೊದಲು ನನ್ನ ಕೋಶಗಳನ್ನೇ ಬೈದೆ. ಪಕ್ಕದ ಲ್ಯಾಬಿನ ಸುಮಂತ್ ವಿಲ್ಲಿನ್ನನ್ನೇ ಹಿಡಿಯುವ ತನ್ನ ಬೇರೆ ಆ್ಯಂಟಿಬಾಡಿ ಕೊಟ್ಟ. ಅದರಲ್ಲಿ ಮಾಮೂಲಿ ಕೋಶಗಳು ಹೊಳೆದವು, ಜೀನ್ ಇಲ್ಲದ ಅವೇ ಕೋಶಗಳು ಕಪ್ಪು. ಅಂದರೆ ಕೋಶ ಸರಿಯಿದೆ, ನೀನು ಕೊಟ್ಟದ್ದು ಸರಿಯಿಲ್ಲ.

ಹಾಗಿದ್ದರೆ ನಿನ್ನ ಪ್ರಬಂಧದ ಚಿತ್ರದಲ್ಲಿ ವಿಲ್ಲಿನ್ ಇಲ್ಲದ ಕೋಶಗಳು ಅಷ್ಟು ಕಪ್ಪಾಗಿರುವುದು ಹೇಗೆ? ನಾನು ಫೋನಿನಲ್ಲಿ ಕೇಳಿದ್ದು ಇಷ್ಟೇ. "ನಿನ್ನ ಕೈಯೇ ಸರಿ ಇಲ್ಲ, ನನ್ನನ್ನೆಂತ ಕೇಳ್ತೀ?" ಎಂದು ನೀನು ಹಾರಿಬಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆಮೇಲೆ ದನಿ ತಗ್ಗಿಸಿ, "ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀಯಾ?" ಅಂದೆ. ಆ ಒಂದು ಮಾತು ನನ್ನ ನಿದ್ದೆ ಕೆಡಿಸಿದೆ.

ನನ್ನ ಊಹೆ ಹೇಳಲೇ? ಆ ಚಿತ್ರದ ಸ್ಲೈಡಿಗೆ ನೀನು ಆ್ಯಂಟಿಬಾಡಿಯನ್ನೇ ಹಾಕಿರಲಿಲ್ಲ, ಬರೀ ಬಣ್ಣ ಹಾಕಿದ್ದೆ. ಹಾಗೆ ಮಾಡಿದರೆ ಯಾವ ಕೋಶವೂ ಕಪ್ಪೇ. ಅವಸರದಲ್ಲಿ ಮಾಡಿದೆಯೋ, ತಿಳಿದೇ ಮಾಡಿದೆಯೋ, ಗೊತ್ತಿಲ್ಲ. ನನಗೆ ಪಿಪೆಟ್ ಹಿಡಿಯಲು ಕಲಿಸಿದವಳು ನೀನು. ನಿನ್ನನ್ನೇ ಹೀಗೆ ಕೇಳಬೇಕಾಗಿ ಬಂತು.

ಬರೀ ಪ್ರಬಂಧದ ಮಾತಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಉಳ್ಳೂರಿನ ಡಾಕ್ಟರೊಬ್ಬರು ಕಾಯಿಲೆಯ ಮಕ್ಕಳ ಕರುಳಿನ ಚೂರುಗಳನ್ನು ಈ ಆ್ಯಂಟಿಬಾಡಿಯಲ್ಲೇ ಪರೀಕ್ಷಿಸುತ್ತಾರೆ, ಸೋಮವಾರ ಸೀಸೆ ಕೊಡುತ್ತೇನೆ ಎಂದು ನೀನೇ ಹಿಗ್ಗಿ ಹೇಳಿದ್ದೆ. ಸೀಸೆಯ ಮೇಲೆ ಸಂಶೋಧನೆಗೆ ಮಾತ್ರ ಎಂದಿರುವುದು ನಿನಗೆ ಕಾಣಲಿಲ್ಲವೇ? ವಿಲ್ಲಿನ್ ಕೆಟ್ಟ ಮಗುವಿನ ಕರುಳೂ ಅದರಲ್ಲಿ ಹಸಿರಾಗಿಯೇ ಹೊಳೆಯುತ್ತದೆ. ಏನೂ ಇಲ್ಲಮ್ಮ, ಚೆನ್ನಾಗಿದೆ ಎಂದು ಆ ತಾಯಿಯನ್ನು ಮನೆಗೆ ಕಳಿಸುತ್ತಾರೆ.

ಭಾನುವಾರ ಬರುತ್ತೇನೆ. ವಿಲ್ಲಿನ್ ಇಲ್ಲದ ನನ್ನ ಕೋಶಗಳನ್ನು ನಾನೇ ತರುತ್ತೇನೆ. ನಿನ್ನ ಕೈಯಿಂದಲೇ ಆ್ಯಂಟಿಬಾಡಿ ಹಾಕು, ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ. ಕತ್ತಲಾದರೆ ಲ್ಯಾಬಿನ ನಡುವೆಯೇ ನಿನ್ನ ಕಾಲು ಹಿಡಿಯುತ್ತೇನೆ. ಹೊಳೆದರೆ ಡಾಕ್ಟರಿಗೆ ಫೋನು ನೀನು ಮಾಡಬೇಕು. ನೀನು ಮಾಡದಿದ್ದರೆ ನಾನು ಮಾಡುತ್ತೇನೆ, ನಿನ್ನ ಹೆಸರು ಹೇಳಿಯೇ.

ನಿನಗೆ ಒಳ್ಳೆಯದಾಗಲಿ ಅಕ್ಕಾ. ಆದರೆ ಮೊದಲು ಆ ಮಕ್ಕಳಿಗೆ.

ಇನ್ನೂ ನಿನ್ನವಳೇ,
ನಿಶ್ಮಿತಾ