ಕಂಪಾಲಾ ಸರ್ಟಿಫಿಕೇಟಿನ ಮೇಲೊಂದು ಮೂಗರ್ಜಿ

ಶ್ರೀ ಕೆರೆಕೋಡಿ ಈರಭದ್ರಸ್ವಾಮಿ ಪ್ರಸನ್ನ

ಅಜ್ಜಂಪುರ
೧೮-೧೦-೧೯೭೫

ಪ್ರೀತಿಯ ಅಕ್ಕ ಕಮಲಾಕ್ಷಿಗೆ ತಂಗಿ ಸುಲೋಚನಳ ನಮಸ್ಕಾರಗಳು.

ಇಲ್ಲಿ ಅವ್ವನೂ ನಾನೂ ಚೆನ್ನಾಗಿದ್ದೇವೆ. ಲಕ್ಕವಳ್ಳಿಯಲ್ಲಿ ನೀನು, ಭಾವ, ಮಕ್ಕಳು ಎಲ್ಲರೂ ಆರೋಗ್ಯ ತಾನೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಬರೆಯೋಕೆ ಕೂತಿದ್ದು ಮೂರು ಸಲ, ಎದ್ದು ಹೋಗಿದ್ದೂ ಮೂರು ಸಲ. ಅವ್ವನ ಮಂಡಿನೋವು ಹಾಗೇ ಇದೆ. ನಾನು ಕೊಟ್ಟ ಮಾತ್ರೆಯನ್ನು ಒಲೆಗೆ ಹಾಕಿ, ಪಕ್ಕದ ಮನೆ ಓಬಮ್ಮ ಕೊಟ್ಟ ಎಣ್ಣೆ ತಿಕ್ಕಿಕೊಳ್ಳುತ್ತಾಳೆ. "ಸರ್ಕಾರದೋರೇ ನಿನ್ನ ನಂಬಿಲ್ಲ, ನಿನ್ ಮಾತ್ರೆ ನಾನ್ಯಾಕ್ ನುಂಗ್ಲಿ?" ಅಂತಾಳೆ.

ಪರೀಕ್ಷೆ ಏನಾಯ್ತು ಅಂತ ಎರಡು ಕಾಗದದಲ್ಲೂ ಕೇಳಿದ್ದೀಯ. ಮೊದಲಿಂದ ಹೇಳುತ್ತೇನೆ ಕೇಳು.

ನಾಲ್ಕು ವರ್ಷ ಕಂಪಾಲಾದಲ್ಲಿ ಔಷಧಿ ಕಲಿತು, ಆರು ವರ್ಷ ಅಲ್ಲಿನ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟವಳು ನಾನು. ಮೂರು ವರ್ಷದ ಹಿಂದೆ ಅಲ್ಲಿಂದ ಇಂಡಿಯಾದವರನ್ನೆಲ್ಲ ಓಡಿಸಿದ ಮೇಲೆ ಇಲ್ಲಿಗೆ ಬಂದರೆ, ಔಷಧಿ ಗೊತ್ತಿದ್ದರೆ ಸಾಲದು, ಈ ದೇಶದ ಔಷಧಿ ಕಾನೂನಿನ ಪೇಪರು ಬರೆದು ಪಾಸಾಗು, ಆಮೇಲೆ ರಿಜಿಸ್ಟರ್ ಮಾಡುತ್ತೇವೆ ಅಂದರು. ಅಲ್ಲಿಯವರೆಗೆ ತರೀಕೆರೆಯ ತೀರ್ಥಪ್ಪನವರ ಮೆಡಿಕಲ್ ಶಾಪಿನಲ್ಲಿ ಹೆಲ್ಪರು. ಅಂಗಡಿಯ ಗೋಡೆಯ ಮೇಲೆ ತೂಗುವುದು ಕಡೂರಿನ ಹೊನ್ನಯ್ಯನವರ ಸರ್ಟಿಫಿಕೇಟು. ಮನುಷ್ಯ ಬರುವುದು ತಿಂಗಳಿಗೊಮ್ಮೆ. ಔಷಧಿ ಕೊಡುವಾಗ ಫಾರ್ಮಸಿಸ್ಟು ಖುದ್ದಾಗಿ ಎದುರಿಗಿರಬೇಕು ಅನ್ನುವ ಕಲಮನ್ನು ನಾನು ಬಾಯಿಪಾಠ ಮಾಡಿದ್ದು ಆ ಸರ್ಟಿಫಿಕೇಟಿನ ಕೆಳಗೇ ನಿಂತು, ಚೀಟಿ ನೋಡಿ ಔಷಧಿ ಕೊಡುತ್ತಾ. ನಗಬೇಡ.

ಕಾನೂನು ಓದಿದರೆ ಒಂದು ರೋಗ ಅಂಟುತ್ತದೆ ಅಕ್ಕ. ಯಾರನ್ನು ಕಂಡರೂ ಅನುಮಾನ. ಈ ಚೀಟಿಯ ಸಹಿ ನಿಜವಾಗಿ ಡಾಕ್ಟರದ್ದೇನಾ? ವಿಷದ ಬೀರುವಿನ ಬೀಗದ ಕೈ ನಿನ್ನೆ ಇದೇ ಮೊಳೆಗೆ ಇತ್ತಾ? ತರೀಕೆರೆ ಬಸ್ಸಿನಲ್ಲಿ ಪಕ್ಕದವಳು ತೂಕಡಿಸಿದರೆ ಏನು ನುಂಗಿ ಬಂದಿದ್ದಾಳೋ ಅನ್ನಿಸುತ್ತದೆ.

ಜೂನ್ ತಿಂಗಳಲ್ಲಿ ಬೆಂಗಳೂರಿಗೆ ಹೋಗಿ ಪೇಪರು ಬರೆದೆ. ಹಾಳೆಯ ಮೇಲೆ ನಂಬರು ಬಿಟ್ಟು ಬೇರೇನೂ ಇರಬಾರದು, ಗುರುತು ಸಿಗುವ ಹಾಗೆ ಏನು ಬರೆದರೂ ಪೇಪರು ರದ್ದು ಅಂತ ಮೇಲ್ವಿಚಾರಕರು ಕೂಗಿ ಹೇಳಿದರು. ಅವರು ಬಾಯಿ ಮುಚ್ಚುವುದರೊಳಗೆ ನನ್ನ ಕೈ "ಶ್ರೀ ಕೆರೆಕೋ" ಅಂತ ಬರೆದಾಗಿತ್ತು! ಅಪ್ಪ ಕೈ ಹಿಡಿದು ತಿದ್ದಿಸಿದ್ದೇ ಹಾಗಲ್ಲವಾ? ಸ್ವಾಮಿಯ ಹೆಸರು ಹಾಕದೆ ಮಗ್ಗಿ ಬರೆದರೂ ಬೆನ್ನಿಗೆ ಗುದ್ದು. ಎದ್ದು ನಿಂತು ಬೇರೆ ಹಾಳೆ ಕೇಳಿದೆ.

"ಏನ್ ಬರೆದ್ರಮ್ಮ?"

"ನಮ್ಮನೆ ದೇವ್ರು ಸಾರ್, ಕೈ ತಡೀಲಿಲ್ಲ."

"ದೇವ್ರು ಪಾಸಾಗೋದು ಬ್ಯಾಡ, ನೀವ್ ಪಾಸಾಗ್ರಿ" ಅಂತ ಬೇರೆ ಹಾಳೆ ಕೊಟ್ಟರು.

ಪಾಸೂ ಆದೆ. ಆದರೆ ರಿಜಿಸ್ಟರ್ ಆಗಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರಿನ ರಿಜಿಸ್ಟರ್ ಆಫೀಸಿನಿಂದ ಕಾಗದ ಬಂತು. ನನ್ನ ಮೇಲೆ ಒಂದು ಮೂಗರ್ಜಿ ಬಂದಿದೆಯಂತೆ. ಕಂಪಾಲಾ ಸರ್ಟಿಫಿಕೇಟು ಖೊಟ್ಟಿ, ಗಲಾಟೆಯಲ್ಲಿ ಯಾರಿಂದಲೋ ಕೊಂಡು ತಂದಿದ್ದು ಅಂತ ಬರೆದಿದ್ದಾರಂತೆ. ವಿಚಾರಣೆಗೆ ಬರಬೇಕಂತೆ.

ನನಗೆ ಮೊದಲು ಅನುಮಾನ ಬಂದದ್ದು ಹೊನ್ನಯ್ಯನವರ ಮೇಲೆ. ನನ್ನದು ಗೋಡೆ ಹತ್ತಿದರೆ ಅವರದ್ದು ಇಳಿಯಬೇಕಲ್ಲ! ಭಾನುವಾರ ಕಡೂರಿಗೆ ಹೋಗಿ ಮುಖಕ್ಕೇ ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ತೋರಿಸಿದರು. ಎರಡಕ್ಕೂ ಪೊರೆ ಬಂದಿದೆ. "ನನ್ ಸಹೀನೇ ನಂಗೆ ಕಾಣಾಕಿಲ್ಲ ಕಣವ್ವ, ಅರ್ಜಿ ಎಲ್ಲಿಂದ ಬರೀಲಿ? ನೀನ್ ಯಾವಾಗ ರಿಜಿಸ್ಟರ್ ಆಗ್ತೀಯೋ, ನಾನ್ ಯಾವಾಗ ಆ ಗೋಡೆ ಇಳೀತೀನೋ ಅಂತ ಕಾಯ್ತಾ ಕುಂತೀನಿ" ಅಂದರು. ಕಾಫಿ ಕೊಟ್ಟು ಕಳಿಸಿದರು.

ಆಮೇಲೆ ತೀರ್ಥಪ್ಪನವರು. ನಾನು ಎದುರಿಗೇ ಸ್ವಂತ ಅಂಗಡಿ ಹಾಕಿಬಿಟ್ಟೇನು ಅನ್ನುವ ಭಯ ಅವರಿಗಿರಬೇಕು ಅಂದುಕೊಂಡೆ. ಒಂದು ವಾರ ಅವರು ಏನು ಬರೆದರೂ ಕದ್ದು ಕದ್ದು ನೋಡಿದೆ. ಗಲ್ಲಾದ ಹಿಂದೆ ಹಳೇ ಪೇಪರಿನಲ್ಲಿ ಏನೋ ಸುತ್ತಿಟ್ಟಿದ್ದರು. ಅವರು ಊಟಕ್ಕೆ ಹೋದಾಗ ಬಿಚ್ಚಿದೆ. ಖಾಲಿ ಫ್ರೇಮು ಅಕ್ಕ. ಗಾಜು ಹಾಕಿಸಿ ಕೆಳಗೆ ನನ್ನ ಹೆಸರು ಬರೆಸಿದ್ದಾರೆ. ವಾಪಸು ಬಂದವರು ಅದನ್ನು ನನ್ನ ಕೈಯಲ್ಲಿ ನೋಡಿ, "ಮೊಳೇನೂ ಹೊಡ್ಸಿದೀನಿ ಕಣಮ್ಮ, ಇವತ್ತಲ್ಲ ನಾಳೆ ಬತ್ತದೆ ಬಿಡು" ಅಂದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅವತ್ತೇ ಅವರು ಗೋಡೆಗೆ ಹಾಕಿದ ಆ ಫ್ರೇಮು ಈಗಲೂ ಖಾಲಿಯಾಗಿಯೇ ತೂಗುತ್ತಿದೆ, ಗಿರಾಕಿಗಳು ಇದೇನು ಅಂತ ಕೇಳುತ್ತಾರೆ.

ಇಪ್ಪತ್ತು ದಿನದ ಹಿಂದೆ ವಿಚಾರಣೆಗೆ ಹೋಗಿ ಬಂದೆ. ಅಸಲು ಸರ್ಟಿಫಿಕೇಟು ಮಡಿಕೆಯಾಗದಿರಲಿ ಅಂತ ಟ್ರಂಕಿನ ಸಮೇತ ಹೊತ್ತುಕೊಂಡು ಹೋದೆ. ಅದೇ ಟ್ರಂಕು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಿನ್ನ ಹೆಸರಿದೆಯಲ್ಲ, ಅದು. ಚಿಕ್ಕಪ್ಪ ಕಂಪಾಲಾದಲ್ಲಿ ಮೇಷ್ಟ್ರಾಗಿದ್ದಾಗ ಕರೆದುಕೊಂಡು ಹೋಗಿ ಓದಿಸುತ್ತೇನೆ ಅಂದಿದ್ದು ನಿನ್ನನ್ನು. ಅಷ್ಟರಲ್ಲಿ ಅಪ್ಪ ನಿನಗೆ ಗಂಡು ಗೊತ್ತು ಮಾಡಿ, ನಿನ್ನ ಟ್ರಂಕನ್ನು ನನ್ನ ಕೈಗೆ ಕೊಟ್ಟು ಕಳಿಸಿದ. ಹಡಗು ಹತ್ತುವಾಗಲೂ ಟ್ರಂಕಿನ ಮೇಲಿನ ಹೆಸರು ನೋಡಿ ಎಲ್ಲರೂ ನನ್ನನ್ನು ಕಮಲಾಕ್ಷಿ ಅಂತಲೇ ಕೂಗಿದ್ದರು.

ಸಾಹೇಬರು ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನಿಜಾನೇ ಇರಬಹುದು. ಆದರೆ ದೂರು ಬಂದ ಮೇಲೆ ಕಂಪಾಲಾಕ್ಕೆ ಬರೆದು ಕೇಳಲೇಬೇಕಮ್ಮ. ಉತ್ತರ ಬರೋವರೆಗೂ ರಿಜಿಸ್ಟರ್ ಮಾಡೋಹಾಗಿಲ್ಲ" ಅಂದರು. ನನಗೆ ಪಾಠ ಹೇಳಿದವರು, ಅಲ್ಲಿ ದಾಖಲೆ ಬರೆದಿಟ್ಟವರು ಎಲ್ಲರೂ ನನ್ನ ಹಾಗೇ ಕೈಗೆ ಸಿಕ್ಕಿದ್ದು ಹಿಡಿದು ಓಡಿದವರು. ಉತ್ತರ ಯಾರು ಬರೆಯಬೇಕು? ಮೂರು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಬೀರೂರು ಬರುವವರೆಗೂ ರೈಲಿನಲ್ಲಿ ಸೆರಗು ಮುಚ್ಚಿಕೊಂಡು ಅತ್ತಿದ್ದೇನೆ.

ಭಾವನವರಿಗೆ ನನ್ನ ನಮಸ್ಕಾರ. ಮಕ್ಕಳಿಬ್ಬರಿಗೂ ಚಿಕ್ಕವ್ವನ ಆಶೀರ್ವಾದ. ಚೆನ್ನಾಗಿ ಓದಲಿ, ಮಗಳನ್ನು ಮಾತ್ರ ಸ್ಕೂಲು ಬಿಡಿಸಬೇಡ. ಸ್ವಾಮಿ ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ತಂಗಿ,
ಸುಲೋಚನ

ಇನ್ನೊಂದು ಮಾತು: ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಮೂಗರ್ಜಿಯನ್ನು ಆಫೀಸಿನಲ್ಲಿ ನನ್ನ ಕೈಗೇ ಕೊಟ್ಟು ಓದಿಸಿದರು. ಎಡಗೈಯಲ್ಲಿ ಬರೆದ ಹಾಗೆ ಸೊಟ್ಟ ಸೊಟ್ಟ ಅಕ್ಷರ. ಸಹಿ ಇಲ್ಲ, ಊರಿಲ್ಲ, ತಾರೀಕಿಲ್ಲ. ಆದರೆ ಹಾಳೆಯ ತಲೆಗೆ, ನಟ್ಟನಡುವೆ, "ಶ್ರೀ ಕೆರೆಕೋಡಿ ಈರಭದ್ರಸ್ವಾಮಿ ಪ್ರಸನ್ನ" ಅಂತ ಇತ್ತು. "ಯಾರ ಮೇಲಾದ್ರೂ ಅನುಮಾನ ಇದೆಯಾ?" ಅಂತ ಸಾಹೇಬರು ಕೇಳಿದರು. ಇಲ್ಲ ಸಾರ್ ಅಂದೆ. ಅಪ್ಪ ಹೋದ, ಚಿಕ್ಕಪ್ಪ ಹೋದರು, ಅವ್ವನಿಗೆ ಅಕ್ಷರ ಬರುವುದಿಲ್ಲ. ಹಾಗೆ ಬರೆಯುವವರು ಉಳಿದಿರುವುದು ಇಬ್ಬರೇ ಅಕ್ಕ, ನಾನಂತೂ ಬರೆದಿಲ್ಲ. ಅವ್ವನಿಗೆ ಇದನ್ನು ಹೇಳಿಲ್ಲ, ದೀಪಾವಳಿಗೆ ನೀನು ಬರುತ್ತೀಯ ಅಂತ ದಿನ ಎಣಿಸುತ್ತಿದ್ದಾಳೆ. ಟ್ರಂಕನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ. ಹದಿಮೂರು ವರ್ಷದಲ್ಲಿ ಅದರ ಮೇಲಿನ ನಿನ್ನ ಹೆಸರನ್ನು ನಾನು ಅಳಿಸಿರಲಿಲ್ಲ. ಬಂದಾಗ ತಗೊಂಡು ಹೋಗು.